ಮಗುವಿನ ನೋವಿಗೂ ಒಂದು ದಾಖಲೆ ಬೇಡವೇ?

ಹೇಮಾವತಿಯ ದಡದ ಗೊರೂರು ಕನ್ನಡ ಬಲ್ಲವರಿಗೆಲ್ಲ ಪರಿಚಿತವಾದ ಊರು. ಹಳ್ಳಿಯ ಜನರ ಸುಖದುಃಖಗಳನ್ನು ಬರಹಕ್ಕಿಳಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು (1904-1991) ಹುಟ್ಟಿದ್ದು ಇಲ್ಲಿ. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟು ನಿಂತಿರುವುದೂ ಇಲ್ಲಿಯೇ. ಹಿನ್ನೀರಿನಲ್ಲಿ ಹೊಲಮನೆಗಳನ್ನು ಕಳೆದುಕೊಂಡ ಸೀಮೆಯ ಜನರಿಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಗದವಿಲ್ಲದವನ ಅಳಲು ಕಚೇರಿಯ ಕಿವಿಗೆ ಬೀಳುವುದಿಲ್ಲ. ಆದ್ದರಿಂದಲೇ ಪಹಣಿ, ಕ್ರಯಪತ್ರ, ಕಂದಾಯದ ರಸೀತಿಗಳು ನಮ್ಮ ಮನೆಗಳ ಟ್ರಂಕಿನಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡು ತಲೆಮಾರುಗಳ ಕಾಲ ಭದ್ರವಾಗಿರುತ್ತವೆ.

ಭೂಮಿಯ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು, ಮನೆಯ ಮಗುವಿನ ಮೈಮೇಲೆ ಬಾಸುಂಡೆ ಎದ್ದಾಗ ಏನು ಮಾಡುತ್ತೇವೆ? ಬಾಗಿಲು ಮುಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಯಾರಿಗೂ ಹೇಳಬೇಡವೆಂದು ಮಗುವಿಗೆ ಬುದ್ಧಿ ಹೇಳುತ್ತೇವೆ. ಬಾಸುಂಡೆ ಹದಿನೈದು ದಿನಗಳಲ್ಲಿ ಮಾಯುತ್ತದೆ. ಅದರೊಡನೆ ಸಾಕ್ಷ್ಯವೂ ಮಾಯುತ್ತದೆ.

ಹೀಗೊಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಅರಕಲಗೂಡಿನ ಕಡೆಗೆ ಕೊಟ್ಟ ಮಗಳು ಏಳು ವರ್ಷದ ಮಗನೊಡನೆ ಗೊರೂರಿನ ತವರಿಗೆ ಬಂದಿದ್ದಾಳೆ. ಮಲಗುವ ಮುನ್ನ ಅಜ್ಜಿ ಮೊಮ್ಮಗನ ಅಂಗಿ ಬಿಚ್ಚಿದಾಗ ಬೆನ್ನಿನ ಮೇಲೆ ಎರಡು ನೀಲಿಗಟ್ಟಿದ ಬರೆಗಳು ಕಾಣುತ್ತವೆ. "ಏನೋ ಮಗ ಇದು?" ಎಂದರೆ ಹುಡುಗ ಗೋಡೆಯ ಕಡೆ ತಿರುಗಿ, "ಅಪ್ಪ ಬೆಲ್ಟಲ್ಲಿ ಹೊಡೀತು, ಅಳಬೇಡ ಅಂತ ಬಾಯಿ ಮುಚ್ತು" ಎನ್ನುತ್ತಾನೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾಳೆ. ಮೂರು ತಿಂಗಳ ಬಳಿಕ, ಮಗನನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ತಂದೆ ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಾನೆ. ನ್ಯಾಯಾಧೀಶರು ತಾಯಿಯನ್ನು ಕೇಳುವ ಮೊದಲ ಪ್ರಶ್ನೆಯೆಂದರೆ: "ಇದಕ್ಕೆ ಏನು ಆಧಾರವಿದೆ?" ಆಗ ತಾಯಿಯ ಕೈಯಲ್ಲಿ ಕಣ್ಣೀರಲ್ಲದೆ ಬೇರೇನೂ ಇರುವುದಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಸಿದ್ಧಗೊಳಿಸುವುದು ಹೇಗೆ ಎಂಬುದನ್ನು ನಮ್ಮ ಕುಟುಂಬಗಳು ಅರಿತಿರಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮನೆಯ ಮಾನ, ಮಗುವಿನ ಮಾನ

ನಮ್ಮಂಥ ಮನೆಗಳಲ್ಲಿ ಇವೆಲ್ಲ ನಡೆಯುವುದಿಲ್ಲ ಎಂಬ ಸಮಾಧಾನ ನಮಗೆ ಪ್ರಿಯವಾದುದು. ಆದರೆ 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಆ ಅಧ್ಯಯನದಲ್ಲಿ ಮೂರರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದರು. ಹಿಂಸಿಸಿದವರಲ್ಲಿ ಅರ್ಧದಷ್ಟು ಮಂದಿ ಮಗು ಬಲ್ಲವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಕರ್ನಾಟಕ ಆ 13 ರಾಜ್ಯಗಳಲ್ಲಿ ಸೇರಿರಲಿಲ್ಲವೆಂಬುದು ನಿಜ. ಆದರೆ ನೆರೆಯ ಆಂಧ್ರ, ಕೇರಳ, ಗೋವಾ, ಮಹಾರಾಷ್ಟ್ರಗಳು ಸೇರಿದ್ದವು. ಗಡಿ ದಾಟಿದೊಡನೆ ಮನುಷ್ಯಸ್ವಭಾವ ಬದಲಾಗುವುದೆಂದು ನಂಬಲು ಕಾರಣವಿಲ್ಲ.

ಶರಣರ ದಾರಿಯಲ್ಲಿ ನಡೆಯುವವರೆಂದು ಹೇಳಿಕೊಳ್ಳುವ ನಾವು ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಹೆಣ್ಣು-ಗಂಡು, ಮೇಲು-ಕೀಳು ಎನ್ನದೆ ಎಲ್ಲರ ಮಾತಿಗೂ ಕಿವಿಗೊಟ್ಟ ಪರಂಪರೆ ನಮ್ಮದು. ಆ ಪರಂಪರೆಯ ಮನೆಯಲ್ಲಿ ಅತ್ಯಂತ ಚಿಕ್ಕ ದನಿಯನ್ನು ಹೊಸಕಿ ಉಳಿಸಿಕೊಳ್ಳುವ ಮಾನ ಮಾನವಲ್ಲ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಮಗುವಿನ ದೇಹವೂ ದೇಗುಲವೇ ಆಗಿದೆ. ಅದರ ಮೇಲೆ ಬಿದ್ದ ಪೆಟ್ಟನ್ನು ಮುಚ್ಚಿಡುವುದು ಆಚಾರವೆನಿಸಲಾರದು.

ಯಾವ ಬಾಗಿಲು, ಯಾವ ಕೆಲಸಕ್ಕೆ?

ಮೊದಲು ಅರಿಯಬೇಕಾದ ಸಂಗತಿಯೆಂದರೆ, ಅಪರಾಧದ ದೂರು ಬೇರೆ, ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಬೇರೆ. ಇವೆರಡಕ್ಕೂ ಬಾಗಿಲುಗಳು ಪ್ರತ್ಯೇಕವಾಗಿವೆ.

ಲೈಂಗಿಕ ದೌರ್ಜನ್ಯದ ಸುಳಿವು ದೊರೆತರೆ ಕೌಟುಂಬಿಕ ನ್ಯಾಯಾಲಯದ ದಿನಾಂಕಕ್ಕಾಗಿ ಕಾಯುವಂತಿಲ್ಲ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಅದನ್ನು ಅರಿತ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಪೊಲೀಸರು ಆ ಮಾಹಿತಿಯನ್ನು ಬರೆದುಕೊಂಡು, ಅದಕ್ಕೊಂದು ಸಂಖ್ಯೆ ಕೊಟ್ಟು, ತಿಳಿಸಿದವರಿಗೆ ಓದಿ ಹೇಳಬೇಕು. 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂದು ಕಾಯ್ದೆ ವಿಧಿಸುತ್ತದೆ. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರ ಮೇಲೆ ಅದಕ್ಕಾಗಿ ಯಾವ ಮೊಕದ್ದಮೆಯನ್ನೂ ಹೂಡಲಾಗದು.

ನಮ್ಮ ಉದಾಹರಣೆಯ ಹುಡುಗನಂತೆ ಹೊಡೆತ, ಕ್ರೌರ್ಯಗಳಿಗೆ ಗುರಿಯಾದ ಮಗುವಿಗೆ 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆಯಿದೆ. ಮಗುವನ್ನು ತನ್ನ ವಶದಲ್ಲಿರಿಸಿಕೊಂಡವನೇ ಅದನ್ನು ಹಿಂಸಿಸಿದರೆ 75ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಇನ್ನು ಮಗು ಯಾರ ಬಳಿ ಬೆಳೆಯಬೇಕು, ತಂದೆಯನ್ನು ಭೇಟಿಯಾಗಬೇಕೇ, ಆಗುವುದಾದರೆ ಯಾರ ಸಮ್ಮುಖದಲ್ಲಿ ಎಂಬುದನ್ನು ನಿರ್ಣಯಿಸುವುದು ಕೌಟುಂಬಿಕ ನ್ಯಾಯಾಲಯ. ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಈ ಅಧಿಕಾರವೆಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಹೇಳುತ್ತದೆ. ಗೊರೂರು ಹಾಸನ ತಾಲ್ಲೂಕಿಗೆ ಸೇರಿರುವುದರಿಂದ ಅಲ್ಲಿ ನೆಲೆಸಿದ ಮಗುವಿನ ವಿಷಯ ಹಾಸನದ ಕೌಟುಂಬಿಕ ನ್ಯಾಯಾಲಯಕ್ಕೆ ಬರುತ್ತದೆ. ನಮ್ಮವರಿಗೆ ಅನ್ವಯಿಸುವ ಕಾನೂನು ಯಾವುದೆಂಬ ಸಂದೇಹವೂ ಬೇಡ. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಗಳೆರಡೂ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ನಮೂದಿಸಿ ನಮ್ಮನ್ನು ಒಳಗೊಂಡಿವೆ. ಆ 1956ರ ಕಾಯ್ದೆಯ 13ನೆಯ ಕಲಮು ಮಗುವಿನ ಕ್ಷೇಮವೇ ಪರಮ ಎನ್ನುತ್ತದೆ. ಮಕ್ಕಳು ತಂದೆತಾಯಿಯರ ಸೊತ್ತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1973ರಷ್ಟು ಹಿಂದೆಯೇ ಸಾರಿದೆ.

ನ್ಯಾಯಾಲಯದ ಅಗಲವಾದ ಹೊಸ್ತಿಲು

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಸಾಮಾನ್ಯರಿಗೆ ಅತ್ಯಂತ ಉಪಯುಕ್ತವಾದುದು 14ನೆಯ ಕಲಮು. ವ್ಯಾಜ್ಯವನ್ನು ಸರಿಯಾಗಿ ತೀರ್ಮಾನಿಸಲು ನೆರವಾಗುವುದೆಂದು ನ್ಯಾಯಾಲಯಕ್ಕೆ ತೋರಿದ ಯಾವುದೇ ವರದಿ, ಹೇಳಿಕೆ, ದಸ್ತಾವೇಜು, ಮಾಹಿತಿಯನ್ನು, ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟಿನ ಪ್ರಕಾರ ಅದು ಒಪ್ಪತಕ್ಕದ್ದಲ್ಲದಿದ್ದರೂ, ಸ್ವೀಕರಿಸಬಹುದು. ಬೇರೆ ನ್ಯಾಯಾಲಯಗಳ ಹೊಸ್ತಿಲಲ್ಲೇ ನಿಂತುಬಿಡಬಹುದಾದ ಶಾಲೆಯ ಮೇಷ್ಟ್ರ ಪತ್ರ, ಅಜ್ಜಿಯ ನೋಟುಪುಸ್ತಕ, ಆಪ್ತಸಮಾಲೋಚಕರ ಟಿಪ್ಪಣಿಗಳಿಗೆ ಇಲ್ಲಿ ಒಳಗೆ ಬರಲು ಅವಕಾಶವಿದೆ.

ಆದರೆ ಒಳಗೆ ಬರುವುದು ಬೇರೆ, ನಂಬಿಕೆ ಗಳಿಸುವುದು ಬೇರೆ. ಪ್ರತಿಯೊಂದು ಕಾಗದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಎದುರು ಪಕ್ಷದವರು ಅದರ ಬಗ್ಗೆ ಪಾಟಿಸವಾಲು ಮಾಡುತ್ತಾರೆ. ಅದೇ ಕಾಯ್ದೆಯ 12ನೆಯ ಕಲಮಿನಂತೆ ವೈದ್ಯರು, ಮಕ್ಕಳ ಕ್ಷೇಮತಜ್ಞರ ನೆರವನ್ನು ನ್ಯಾಯಾಲಯ ಪಡೆಯಬಹುದು. ತನ್ನ ಇಚ್ಛೆಯನ್ನು ತಿಳಿದು ಹೇಳಬಲ್ಲ ವಯಸ್ಸಿನ ಮಗುವಿನ ಮಾತನ್ನು ಪರಿಗಣಿಸಲು 1890ರ ಕಾಯ್ದೆಯ 17ನೆಯ ಕಲಮು ಅವಕಾಶ ಕೊಟ್ಟಿದೆ.

ಪಶ್ಚಿಮ ಬಂಗಾಳದಿಂದ ಬಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದ ಒಂದು ಪ್ರಕರಣ ಇಲ್ಲಿ ನೆನೆಯತಕ್ಕದ್ದು. ತಾಯಿಯನ್ನು ಕಳೆದುಕೊಂಡ ಬಾಲಕನನ್ನು ತಾಯಿಯ ತಂದೆತಾಯಿಗಳು ಸಾಕುತ್ತಿದ್ದರು. ಆಕೆಯ ಸಾವಿಗೆ ಸಂಬಂಧಿಸಿದಂತೆ ಆರೋಪ ಹೊತ್ತಿದ್ದ ತಂದೆಗೆ ಕೆಳಗಿನ ನ್ಯಾಯಾಲಯಗಳು ಮಗುವನ್ನು ಒಪ್ಪಿಸುವಂತೆ ಆದೇಶಿಸಿದ್ದವು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಬಾಲಕನನ್ನು ತಮ್ಮ ಕೊಠಡಿಗೆ ಕರೆಸಿ ಮಾತನಾಡಿಸಿದರು. ಪೋಷಕನಾಗಬಯಸುವವನ ನಡತೆಯನ್ನೂ ಅವನ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನೂ ಮಗುವಿನ ಇಚ್ಛೆಯನ್ನೂ ಕಡೆಗಣಿಸಿದ್ದು ತಪ್ಪೆಂದು ಹೇಳಿ ಆ ಆದೇಶಗಳನ್ನು ರದ್ದುಪಡಿಸಿದರು. ಅಜ್ಜಿ ತಾತಂದಿರ ಮಾತಿಗೂ ನ್ಯಾಯಾಲಯದಲ್ಲಿ ಸ್ಥಾನವಿದೆಯೆಂಬುದಕ್ಕೆ ಇದು ನಿದರ್ಶನ.

ಬರೆಯುವ ಬಗೆ

ಈಗ ನಮ್ಮ ಗೊರೂರಿನ ಅಜ್ಜಿಯ ಕಡೆಗೆ ಮರಳೋಣ. ಆ ರಾತ್ರಿ ಆಕೆ ಏನು ಮಾಡಬಹುದಾಗಿತ್ತು?

ಮೊದಲನೆಯದಾಗಿ, ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಬೇಕಾಗಿತ್ತು. "ಆಮೇಲೆ ಏನಾಯ್ತು?" ಎಂದು ಕೇಳಬಹುದು, "ಅಪ್ಪ ಒದ್ದರಾ? ಸುಟ್ಟರಾ?" ಎಂದು ಉತ್ತರವನ್ನು ನಾವೇ ಬಾಯಿಗಿಡಬಾರದು. ಒಮ್ಮೆ ಹೇಳಿದ್ದನ್ನು ನೆಂಟರಿಷ್ಟರ ಮುಂದೆ ಹತ್ತು ಸಲ ಹೇಳಿಸಬಾರದು. ಹಾಗೆ ಹೇಳಿಸಿದಷ್ಟೂ ಮಗುವಿಗೆ ನೋವು ಹೆಚ್ಚುತ್ತದೆ, ಮಾತಿನ ಸಹಜತೆ ಕುಂದುತ್ತದೆ. ನಾಳೆ "ಇದು ಕಲಿಸಿದ ಮಾತು" ಎಂದು ಎದುರು ವಕೀಲರು ಹೇಳಲು ಆಸ್ಪದವಾಗುತ್ತದೆ.

ಎರಡನೆಯದಾಗಿ, ಅದೇ ರಾತ್ರಿ ಬರೆದಿಡಬೇಕಾಗಿತ್ತು. ದಿನಾಂಕ, ವೇಳೆ, ಸ್ಥಳ, ಯಾರು ಯಾರಿದ್ದರು, ಏನು ಕೇಳಿದೆವು, ಮಗು ಏನೆಂದಿತು ಎಂಬಿಷ್ಟು ಸಾಕು. ಮಗುವಿನ ಮಾತನ್ನು ಮಗುವಿನ ನುಡಿಯಲ್ಲೇ ಬರೆಯಬೇಕು. "ಬೆಲ್ಟಲ್ಲಿ ಹೊಡೀತು" ಎಂದು ಹುಡುಗ ಹೇಳಿದ್ದರೆ ಹಾಗೆಯೇ ಬರೆಯಬೇಕೇ ಹೊರತು, "ಅಮಾನುಷವಾಗಿ ಥಳಿಸಿದರು" ಎಂದು ತಿದ್ದಬಾರದು. ಏಳು ವರ್ಷದ ಮಗು ಅಂಥ ಮಾತನ್ನಾಡುವುದಿಲ್ಲವೆಂಬುದು ನ್ಯಾಯಾಧೀಶರಿಗೆ ಗೊತ್ತು. ಗಾಯದ ವಿಷಯದಲ್ಲೂ ಕಂಡಷ್ಟನ್ನೇ ಬರೆಯಬೇಕು: ಬೆನ್ನಿನ ಎಡಭಾಗ, ಎರಡು ಬರೆ, ಗೇಣುದ್ದ, ನೀಲಿ ಬಣ್ಣ. ಅಜ್ಜಿಗೆ ಬರೆಯಲು ಬಾರದಿದ್ದರೆ ಬರೆಯಬಲ್ಲವರಿಂದ ಬರೆಸಿ, ಓದಿಸಿ ಕೇಳಿ, ಹೆಬ್ಬೆಟ್ಟೊತ್ತಬಹುದು. ಬರೆದವರ ಹೆಸರನ್ನೂ ಕೆಳಗೆ ನಮೂದಿಸಬೇಕು. ಮಗುವಿನ ಕೈಯಲ್ಲಿ ಹೇಳಿಕೆ ಬರೆಸಿ ಸಹಿ ಹಾಕಿಸುವುದು ಮಾತ್ರ ಸಲ್ಲದು.

ಮೂರನೆಯದಾಗಿ, ಮರುದಿನವೇ ವೈದ್ಯರಿಗೆ ತೋರಿಸಬೇಕಾಗಿತ್ತು. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, "ಬಿದ್ದು ಪೆಟ್ಟಾಯಿತು" ಎಂದು ಸುಳ್ಳು ಹೇಳದೆ, ಮಗು ಹೇಳಿದ್ದನ್ನೇ ಹೇಳಿ ಚೀಟಿಯಲ್ಲಿ ಬರೆಸಬೇಕು. ಮಾನಕ್ಕಂಜಿ ಆಡಿದ ಆ ಒಂದು ಸುಳ್ಳು ಆಸ್ಪತ್ರೆಯ ದಾಖಲೆಯಲ್ಲಿ ಉಳಿದು, ವರ್ಷಗಳ ಬಳಿಕ ನಮ್ಮ ಸತ್ಯವನ್ನೇ ಸುಳ್ಳೆನ್ನುತ್ತದೆ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ದೂರು ದಾಖಲಾಗುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಲು ಪೋಕ್ಸೊ ಕಾಯ್ದೆಯಲ್ಲಿ ಅವಕಾಶವಿದೆ. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು.

ಕಾಲಹರಣದ ಅಪಾಯವನ್ನು ನ್ಯಾಯಾಲಯಗಳೂ ಗುರುತಿಸಿವೆ. ನಮ್ಮ ಜಿಲ್ಲೆಯ ನೆರೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆ ಪೊಲೀಸರ ಪ್ರಕರಣವೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಅತ್ಯಾಚಾರಕ್ಕೆ ಒಳಗಾದವರನ್ನು ತಡವಿಲ್ಲದೆ ವೈದ್ಯಕೀಯ ಪರೀಕ್ಷೆಗೊಳಪಡಿಸಿ, ಮ್ಯಾಜಿಸ್ಟ್ರೇಟರ ಮುಂದೆ ಬೇಗನೆ ಹೇಳಿಕೆ ಕೊಡಿಸಬೇಕೆಂದು ನಿರ್ದೇಶಿಸಿತು.

ನ್ಯಾಯಾಲಯಕ್ಕೆ ಒಯ್ಯುವ ಕಟ್ಟು

ನ್ಯಾಯಾಲಯದಲ್ಲಿ ತಾಯಿಯ ಸಾಕ್ಷ್ಯ ಸಾಮಾನ್ಯವಾಗಿ ಪ್ರಮಾಣಪತ್ರದ ರೂಪದಲ್ಲಿರುತ್ತದೆ; ಇದನ್ನೇ ಜನ ಅಫಿಡವಿಟ್ಟು ಎನ್ನುವುದು. ಇದನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ಒಂದು ಘಟನೆಗೆ ಒಂದು ಪರಿಚ್ಛೇದದಂತೆ, ನಡೆದ ಕ್ರಮದಲ್ಲಿ, ಸಂಖ್ಯೆ ಹಾಕಿ ಬರೆದರೆ ಓದುವವರಿಗೆ ಅನುಕೂಲ. ತಾನು ಕಣ್ಣಾರೆ ಕಂಡದ್ದನ್ನೂ ಮಗುವಿನಿಂದ ಕೇಳಿದ್ದನ್ನೂ ಬೇರೆಯವರಿಂದ ತಿಳಿದದ್ದನ್ನೂ ಬೆರೆಸದೆ ಬೇರೆ ಬೇರೆಯಾಗಿ ಹೇಳಬೇಕು. ಅಜ್ಜಿ ಕಂಡದ್ದಕ್ಕೆ ಅಜ್ಜಿಯದೇ ಪ್ರಮಾಣಪತ್ರ ಬೇಕು. ಮೇಷ್ಟ್ರು ಕಂಡದ್ದಕ್ಕೆ ಮೇಷ್ಟ್ರದೇ ಬೇಕು.

ಅದರೊಡನೆ ಆಸ್ಪತ್ರೆಯ ಚೀಟಿ ಮತ್ತು ಗಾಯದ ಪ್ರಮಾಣಪತ್ರ, ಪೊಲೀಸರಿಗೆ ದೂರು ಕೊಟ್ಟಿದ್ದರೆ ಪ್ರಥಮ ವರ್ತಮಾನ ವರದಿಯ ಪ್ರತಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಶಾಲೆಯ ಹಾಜರಿ ವಿವರ ಮುಂತಾದವನ್ನು ಪಟ್ಟಿ ಮಾಡಿ ಸಲ್ಲಿಸಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು. ಹೆಂಡತಿಯೂ ಹಿಂಸೆಗೊಳಗಾಗಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯನ್ನು ಕಂಡಿದ್ದರೆ, ಅವರು ಸಿದ್ಧಪಡಿಸುವ ಘಟನಾ ವರದಿಯೂ ಒಂದು ದಾಖಲೆಯೇ. ಆ ಕಾಯ್ದೆಯ 21ನೆಯ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ಭೇಟಿಯಿಂದ ಮಗುವಿಗೆ ಕೇಡಾಗಬಹುದೆಂದು ಕಂಡರೆ ಭೇಟಿಯನ್ನೇ ನಿರಾಕರಿಸಬೇಕು.

ಮೊಬೈಲಿನ ಚಿತ್ರ, ಸಂದೇಶ, ಧ್ವನಿಮುದ್ರಣಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವು ಮೂಲತಃ ಯಾವ ಫೋನಿನಲ್ಲಿವೆಯೋ ಆ ಫೋನನ್ನು ಮಾರಬಾರದು, ಚಿತ್ರಗಳನ್ನು ಕತ್ತರಿಸಿ ತಿದ್ದಬಾರದು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂಥ ದಾಖಲೆಗಳೊಡನೆ ನಿಗದಿತ ನಮೂನೆಯ ದೃಢೀಕರಣವನ್ನು ಕೇಳುತ್ತದೆ. ಪತಿಪತ್ನಿಯರ ನಡುವಿನ ಸಂಭಾಷಣೆಯ ಗುಪ್ತ ಧ್ವನಿಮುದ್ರಣವನ್ನೂ ಅವರ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು 2025ರ ಜುಲೈ 14ರಂದು ತೀರ್ಪಿತ್ತಿದೆ. ಹಾಗೆಂದು ಅಳುವ ಮಗುವಿನ ಮುಂದೆ ಫೋನು ಹಿಡಿದು ಮತ್ತೆ ಮತ್ತೆ ಹೇಳಿಸುವುದಕ್ಕೆ ಇದನ್ನು ಪರವಾನಗಿಯೆಂದು ತಿಳಿಯಬಾರದು.

ಮೂಲ ಕಾಗದಗಳನ್ನು ಜೋಪಾನವಾಗಿಟ್ಟುಕೊಂಡು, ಸಲ್ಲಿಸಿದ ಪ್ರತಿಯೊಂದಕ್ಕೂ ನಕಲು ಇರಿಸಿಕೊಳ್ಳಬೇಕು. ಸಲ್ಲಿಸಿದ್ದೆಲ್ಲವೂ ಎದುರು ಪಕ್ಷದವರ ಕೈಗೂ ಹೋಗುತ್ತದೆಂಬುದನ್ನು ನೆನಪಿಡಬೇಕು. ಮಗುವಿನ ಈಗಿನ ವಿಳಾಸ, ಶಾಲೆಗಳು ತಿಳಿದರೆ ಅಪಾಯವೆಂದು ಕಂಡರೆ ಅದನ್ನು ಮೊದಲೇ ನ್ಯಾಯಾಲಯದ ಗಮನಕ್ಕೆ ತರಬೇಕು. ಯಾವುದಾದರೊಂದು ಪಕ್ಷ ಬಯಸಿದರೆ ವಿಚಾರಣೆಯನ್ನು ಮುಚ್ಚಿದ ಕೊಠಡಿಯಲ್ಲಿ ನಡೆಸಬೇಕೆಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳುತ್ತದೆ.

ವಕೀಲರ ಖರ್ಚಿನ ಚಿಂತೆಯಿಂದ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು.

ಉತ್ಪ್ರೇಕ್ಷೆಯೂ ಮಗುವಿಗೆ ದ್ರೋಹ

ಇದುವರೆಗೆ ಮುಚ್ಚಿಡುವವರ ಬಗ್ಗೆ ಹೇಳಿದೆವು. ಇಲ್ಲದ್ದನ್ನು ಹೇಳುವವರ ಬಗ್ಗೆಯೂ ಹೇಳದಿದ್ದರೆ ನ್ಯಾಯವಾಗದು. ಗಂಡಹೆಂಡಿರ ಜಗಳದಲ್ಲಿ ಗೆಲ್ಲಲೆಂದು ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವ ಸಂದರ್ಭಗಳೂ ಇಲ್ಲದಿಲ್ಲ. ಸುಳ್ಳು ಪ್ರಮಾಣಪತ್ರ ಸಲ್ಲಿಸುವುದು ಅಪರಾಧ. ಒಬ್ಬರ ಮಾನ ಕಳೆಯಲು ಗೊತ್ತಿದ್ದೂ ಸುಳ್ಳು ದೂರು ಕೊಟ್ಟ ವಯಸ್ಕರನ್ನು ಪೋಕ್ಸೊ ಕಾಯ್ದೆಯೂ ಶಿಕ್ಷಿಸುತ್ತದೆ. ಅದಕ್ಕಿಂತ ಘೋರವಾದುದೆಂದರೆ, ತನ್ನನ್ನು ಪ್ರೀತಿಸುವ ತಂದೆಯನ್ನೋ ತಾಯಿಯನ್ನೋ ತನ್ನ ಮಾತಿನಿಂದಲೇ ಕಳೆದುಕೊಂಡ ಮಗು ಬೆಳೆದ ಮೇಲೆ ಆ ಭಾರವನ್ನು ಹೊತ್ತೇ ಬದುಕಬೇಕಾಗುತ್ತದೆ. ನಿಜವಾದ ಪ್ರಕರಣದಲ್ಲೂ ಎರಡು ಪೆಟ್ಟನ್ನು ಇಪ್ಪತ್ತೆಂದು ಬರೆದರೆ, ಆ ಹದಿನೆಂಟರ ದೆಸೆಯಿಂದ ನಿಜವಾದ ಎರಡನ್ನೂ ಯಾರೂ ನಂಬರು. ನುಡಿಗೂ ನಡೆಗೂ ಅಂತರವಿರಕೂಡದೆಂದ ಶರಣರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಿರಿಯರಲ್ಲಿ ಒಂದು ಬಿನ್ನಹ

ವ್ಯಾಜ್ಯಗಳನ್ನು ಹಿರಿಯರ ಮುಂದೆ ಬಗೆಹರಿಸಿಕೊಳ್ಳುವ ಸಂಪ್ರದಾಯ ನಮ್ಮ ಸಮಾಜದ್ದು. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠದ ಹೆಸರನ್ನು ಕೇಳದವರು ವಿರಳ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಸಾಲದ ಲೆಕ್ಕ ಮುಂತಾದವುಗಳಲ್ಲಿ ರಾಜಿ ಶ್ರೇಯಸ್ಕರ. ಕೌಟುಂಬಿಕ ನ್ಯಾಯಾಲಯವೂ ಮೊದಲು ರಾಜಿಗೆ ಯತ್ನಿಸಬೇಕೆಂದೇ ಕಾಯ್ದೆಯ ಆಶಯ. ಆದರೆ ಮಗುವಿನ ಮೈಮೇಲಿನ ಪೆಟ್ಟು ಪಾಲು ಹಂಚುವ ಸ್ವತ್ತಲ್ಲ. ಊರಿನ ಜಗಲಿಯ ಮೇಲೆ ನಾಲ್ವರು ಕುಳಿತು, "ಇನ್ನು ಮುಂದೆ ಹೊಡೆಯುವುದಿಲ್ಲ" ಎಂದು ಮಾತು ಕೊಡಿಸಿ ಮಗುವನ್ನು ಅದೇ ಮನೆಗೆ ಕಳಿಸುವುದು ನ್ಯಾಯವಲ್ಲ. ಹಿರಿಯರು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ತಾಯಿಯ ಜೊತೆ ಹಾಸನದ ಬಸ್ಸು ಹತ್ತುವುದು; ತಾವು ಕಂಡದ್ದಿದ್ದರೆ ತಮ್ಮ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಬರೆದುಕೊಡುವುದು.

ಹಾಗೆಯೇ ಮಗುವಿನ ಹೆಸರು, ಚಿತ್ರ, ಗಾಯದ ಫೋಟೋಗಳನ್ನು ಬಂಧುಗಳ ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು. ಇಂಥ ಮಗುವಿನ ಗುರುತನ್ನು ಬಯಲುಮಾಡುವುದನ್ನು ಬಾಲನ್ಯಾಯ ಕಾಯ್ದೆಯೂ ಪೋಕ್ಸೊ ಕಾಯ್ದೆಯೂ ನಿಷೇಧಿಸಿವೆ. ನ್ಯಾಯಾಲಯಕ್ಕೆ ಹೇಳಬೇಕಾದುದನ್ನು ನ್ಯಾಯಾಲಯಕ್ಕೆ ಮಾತ್ರ ಹೇಳೋಣ. ಇನ್ನೂ ಎಪ್ಪತ್ತು ವರ್ಷ ಅದೇ ಊರಿನಲ್ಲಿ ತಲೆಯೆತ್ತಿ ಬಾಳಬೇಕಾದ ಜೀವ ಅದು.

ಟ್ರಂಕಿನಲ್ಲಿ ಪಹಣಿಯ ಜೊತೆಗೆ ಒಂದು ನೋಟುಪುಸ್ತಕ ಇರಲಿ. ಅದನ್ನು ತೆರೆಯುವ ಸಂದರ್ಭ ಯಾವ ಮನೆಗೂ ಬಾರದಿರಲೆಂಬುದೇ ನಮ್ಮ ಹಾರೈಕೆ. ಬಂದುದೇ ಆದರೆ, ಆ ರಾತ್ರಿ ಅಜ್ಜಿಯ ಕೈ ನಡುಗಿದರೂ ಚಿಂತೆಯಿಲ್ಲ. ದಿನಾಂಕ ಹಾಕಿ, ಕಂಡಷ್ಟನ್ನು, ಕೇಳಿದಷ್ಟನ್ನು ಬರೆಯಲಿ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಹೊಲಕ್ಕೆ ಪರಿಹಾರವುಂಟು. ಮುಳುಗಿಹೋದ ಮಗುವಿನ ಮಾತಿಗೆ ಪರಿಹಾರವಿಲ್ಲ.